ಮರಳಿನ ಮೇಲಣ ಅಕ್ಷರ: ಬಳ್ಳಾರಿ ಸೀಮೆಯ ಹಳೆಯ ಶಾಲೆಗಳು

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವವರಿಗೆ ಈ ಅನುಭವ ಹೊಸದಲ್ಲ. ಒಂದನೆಯ ತರಗತಿಯ ಮಗುವಿಗೆ ಹುಲಿಯ ಚಿತ್ರವನ್ನು ತೋರಿಸಿ, 'ಇದೇನು?' ಎಂದು ಕೇಳುತ್ತೇವೆ. ತೆಲುಗು ಮನೆಮಾತಿನ ಆ ಕೂಸು, 'ಪುಲಿ' ಎನ್ನುತ್ತದೆ. 'ತಪ್ಪು, ಹುಲಿ ಎನ್ನು' ಎಂದು ನಾವು ತಿದ್ದುತ್ತೇವೆ. ಮಗು ಮತ್ತೆ ಬಾಯಿ ತೆರೆಯಲು ಎಷ್ಟೋ ದಿನ ಹಿಡಿಯುತ್ತದೆ. ಹೀಗೆ ತಿದ್ದಿದವರಲ್ಲಿ ನಾವೂ ಇದ್ದೇವೆ. ಆದುದರಿಂದ ಇದು ಪರರ ಮೇಲೆ ಹೊರಿಸುವ ದೂರಲ್ಲ. ಎರಡು ನುಡಿಗಳ ನಡುವೆ ಅಕ್ಷರ ಕಲಿಸುವ ಕೆಲಸ ನಮ್ಮ ಸೀಮೆಗೆ ಹೊಸದೇ? ನಮ್ಮ ಹಿರಿಯರು ಇದನ್ನು ಹೇಗೆ ನಡೆಸಿದ್ದರು? ಈ ಪ್ರಶ್ನೆಗೆ ಉತ್ತರ ಹೇಳುವ ಒಂದು ಹಳೆಯ ಕಾಗದವುಂಟು.

೧೮೨೨ನೆಯ ಇಸವಿ ಜೂನ್ ೨೫ರಂದು ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ, ತಮ್ಮ ಆಧಿಪತ್ಯದ ಶಾಲೆಗಳ ಸ್ಥಿತಿಯನ್ನು ತಿಳಿಯಬೇಕೆಂದು ಟಿಪ್ಪಣಿ ಬರೆದರು. ಅದರಂತೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ೧೮೨೩ನೆಯ ಆಗಸ್ಟ್ ೧೭ರಂದು ವರದಿಯನ್ನು ಕಳುಹಿಸಿದರು. ೧೮೧೬ರಲ್ಲಿಯೇ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದ ಅವರಿಗೆ ಈ ನಾಡಿನ ನುಡಿಗಳು ಅಪರಿಚಿತವಾಗಿರಲಿಲ್ಲ. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾ ಎಲ್ಲವೂ ಅದರೊಳಗಿದ್ದುವು. ಆದಕಾರಣ ಅದು ನಮ್ಮ ಮನೆಯಂಗಳದ ಚರಿತ್ರೆಯೇ ಸರಿ.

ವರದಿಯ ಲೆಕ್ಕ ಹೀಗಿದೆ. ಜಿಲ್ಲೆಯ ಜನಸಂಖ್ಯೆ ೯,೨೭,೮೫೭. ವಿದ್ಯಾಸ್ಥಾನಗಳು ೫೩೩, ಓದುವವರು ೬,೬೪೧. ಇಂಗ್ಲಿಷ್ ಕಲಿಸುವ ಶಾಲೆ ಒಂದೇ ಒಂದು. ತಮಿಳಿನವು ನಾಲ್ಕು, ಪಾರಸಿಯವು ೨೧, ಮರಾಠಿಯವು ೨೩, ತೆಲುಗಿನವು ೨೨೬, ಕನ್ನಡದವು ೨೩೫. ಉಳಿದ ೨೩ ಕಡೆಗಳಲ್ಲಿ ಬ್ರಾಹ್ಮಣರಿಗೆ ಸಂಸ್ಕೃತದಲ್ಲಿ ಶಾಸ್ತ್ರಪಾಠ ನಡೆಯುತ್ತಿತ್ತು. ಕನ್ನಡ ತೆಲುಗುಗಳ ಸಂಖ್ಯೆಯನ್ನು ವಾಚಕರು ಗಮನಿಸಬೇಕು. ಒಂದೇ ಜಿಲ್ಲೆಯಲ್ಲಿ ಎರಡು ನುಡಿಗಳು ತಕ್ಕಡಿಯ ಎರಡು ತಟ್ಟೆಗಳಂತೆ ನಿಂತಿದ್ದುವು. ಮಕ್ಕಳ ಮನೆಮಾತಿನ ಲೆಕ್ಕ ಈ ಪಟ್ಟಿಯಲ್ಲಿಲ್ಲ. ಆದರೆ ಸಂತೆ, ಗುಡಿ, ಕಚೇರಿಗಳಲ್ಲಿ ಎರಡೂ ಬೆರೆತಿದ್ದ ಸೀಮೆಯಲ್ಲಿ, ಮನೆಯದೊಂದು ನುಡಿ ಓದುವುದೊಂದು ನುಡಿಯಾಗಿದ್ದ ಮಕ್ಕಳು ಅನೇಕರಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಮಗುವಿಗೆ ಐದು ವರ್ಷ ತುಂಬಿದಾಗ ಅದರ ಮನೆಗೆ ಶಾಲೆಯ ಗುರುವನ್ನೂ ಎಲ್ಲ ಶಿಷ್ಯರನ್ನೂ ಕರೆಯುತ್ತಿದ್ದರು. ಗಣಪತಿಯ ಸುತ್ತ ಎಲ್ಲರೂ ಕುಳಿತ ಮೇಲೆ ಗುರುವು ಮಗುವಿನಿಂದ ಪ್ರಾರ್ಥನೆ ಹೇಳಿಸಿ, ಅದರ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುತ್ತಿದ್ದನು. ಮರುದಿನದಿಂದ ಮಗು ಶಾಲೆಗೆ. ಇಲ್ಲಿ ಒಂದು ವಿಶೇಷವಿದೆ. ಶಾಲೆಯೇ ಮೊದಲು ಮನೆಗೆ ಬರುತ್ತಿತ್ತು. ಮಗು ಶಾಲೆಗೆ ಹೋಗುತ್ತಿದ್ದುದು ಅನಂತರ. ಅಕ್ಷರವು ಹೊಸ ಜನರ ನಡುವೆ ಎದುರಾದ ಭಯವಾಗಿರದೆ, ಮನೆಯವರ ಕಣ್ಣೆದುರಿನ ಹಬ್ಬವಾಗಿತ್ತು.

ಬೆಳಗಿನ ಆರು ಗಂಟೆಗೆ ಶಾಲೆ ಆರಂಭ. ಎಲ್ಲರಿಗಿಂತ ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ಮುಂದೆ ಬಂದವರಿಗೆ ಒಂದೊಂದು ಹೆಚ್ಚು. ಅಕ್ಷರಗಳನ್ನು ಮೊದಲು ಬೆರಳಿನಿಂದ ಮರಳಿನಲ್ಲಿ ಬರೆದೇ ಕಲಿಯಬೇಕು. ಕೈ ಕುದುರಿದ ಮೇಲೆ ಓಲೆಗರಿಯ ಮೇಲೆ ಕಂಠದಿಂದ, ಕಾಗದದ ಮೇಲೆ ಲೇಖನಿಯಿಂದ, ಇಲ್ಲವೆ ಹಲಗೆಯ ಅಥವಾ ಕಡತದ ಮೇಲೆ ಬಳಪದಿಂದ ಬರೆಯುವ ಅಧಿಕಾರ. ಅಕ್ಕಿ ಮತ್ತು ಇದ್ದಲಿನ ಪುಡಿ ಬಳಿದ ಮರದ ತುಂಡೇ ಹಲಗೆ. ಗಂಜಿ ಹಾಕಿ ಗಟ್ಟಿಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲು ಅಂಟುಗಳ ಲೇಪ ಕೊಟ್ಟ ಬಟ್ಟೆಯೇ ಕಡತ. ಒದ್ದೆ ಬಟ್ಟೆಯಿಂದ ಒರೆಸಿದರೆ ಎರಡೂ ಹೊಸವು. ಇಂದು ಕಚೇರಿಯ ಕಾಗದದ ಕಟ್ಟನ್ನು ನಾವು 'ಕಡತ' ಎನ್ನುವಾಗ ಈ ಕಪ್ಪು ಬಟ್ಟೆಯ ನೆನಪು ಯಾರಿಗೂ ಬರುವುದಿಲ್ಲ.

ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಕಲಿಸುತ್ತಲೇ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದರು. ಕ್ಯಾಂಪ್‌ಬೆಲ್ ಇದನ್ನು ಮನಸಾರೆ ಮೆಚ್ಚಿದ್ದಾರೆ. ಮದರಾಸಿನ ಸೈನಿಕ ಅನಾಥಾಲಯದಲ್ಲಿ ೧೭೮೯ರಿಂದ ಕೆಲಸ ಮಾಡಿದ ಆಂಡ್ರೂ ಬೆಲ್ ಎಂಬ ಪಾದ್ರಿಯು ಮರಳಿನ ಬರಹವನ್ನು ಇಲ್ಲಿಯ ಶಾಲೆಯೊಂದರಲ್ಲಿಯೇ ಕಂಡು, ೧೭೯೭ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬರೆದು, ಮಕ್ಕಳಿಂದ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು 'ಮದರಾಸು ಪದ್ಧತಿ' ಎಂದು ಇಂಗ್ಲೆಂಡಿನಲ್ಲಿ ಬಳಕೆಗೆ ತಂದನು. ಮನೆಮಾತು ಒಂದೇ ಆದ ಹಿರಿಯ ಹುಡುಗನು ಕಿರಿಯನ ಪಕ್ಕದಲ್ಲಿ ಕುಳಿತರೆ ಗುರುವಿಗೆ ಸಾಧ್ಯವಾಗದ ಎಷ್ಟೋ ವಿಷಯ ಸುಲಭವಾಗುತ್ತದೆ ಎಂಬುದನ್ನು ಇಂದಿನ ನಮ್ಮ ಕೊಠಡಿಗಳಲ್ಲಿಯೂ ಕಾಣಬಹುದು.

ಏನನ್ನು ಓದುತ್ತಿದ್ದರು? ರಾಮಾಯಣ, ಭಾರತ, ಭಾಗವತಗಳು ಎಲ್ಲರಿಗೂ ಸಮಾನ. ಲಿಂಗವಂತರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮಪುರಾಣ. ಶಬ್ದಶಾಸ್ತ್ರದ ಪಟ್ಟಿಯಲ್ಲಿ ಕನ್ನಡದ ಶಬ್ದಮಣಿದರ್ಪಣವೂ ತೆಲುಗಿನ ಆಂಧ್ರನಾಮಸಂಗ್ರಹವೂ ಒಟ್ಟಿಗೆ ಬರುತ್ತವೆ. ಬಸವಪುರಾಣದ ಕಥೆಯೇ ನಮಗೊಂದು ಪಾಠ. ಪಾಲ್ಕುರಿಕೆ ಸೋಮನಾಥನು ಅದನ್ನು ಮೊದಲು ತೆಲುಗಿನಲ್ಲಿ ಬರೆದನು. ೧೩೬೯ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದನು. ಕನ್ನಡಿಗನಾದ ಬಸವಣ್ಣನ ಚರಿತ್ರೆ ತೆಲುಗಿನ ಹಾದಿಯಾಗಿ ಕನ್ನಡ ಪುರಾಣವಾಯಿತು.

ಪುರಾಣದೊಂದಿಗೆ ಲೋಕದ ಓದೂ ಇತ್ತು. ಗುರುವು ಅಲ್ಲಿ ಇಲ್ಲಿ ಕೂಡಿಸಿ ತಂದ ನಾನಾ ಕೈಬರಹದ ಪತ್ರಗಳನ್ನು ಹುಡುಗರು ಬಿಡಿಸಿ ಓದಬೇಕು, ಕಾಗದ, ಕರಾರು ಬರೆಯಬೇಕು, ಲೆಕ್ಕ ಮಾಡಬೇಕು. ಅಕ್ಷರವೆಂದರೆ ಬರಿಯ ವರ್ಣಮಾಲೆಯಲ್ಲ. ಅದು ಊರಿನ ವ್ಯವಹಾರ, ಭಕ್ತಿ, ನೆನಪುಗಳಲ್ಲಿ ಪಾಲುಗೊಳ್ಳುವ ಬಗೆ ಎಂಬುದನ್ನು ಆ ಗುರುಗಳು ಶಾಸ್ತ್ರವಾಗಿ ಹೇಳದಿದ್ದರೂ ಆಚರಣೆಯಲ್ಲಿ ಬಲ್ಲವರಾಗಿದ್ದರು.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಹೊಗಳುವುದು ಸತ್ಯಕ್ಕೆ ದೂರ. ೬,೬೪೧ ಜನರಲ್ಲಿ ಹುಡುಗಿಯರು ಕೇವಲ ೬೦. ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಪದ್ಯದ ನುಡಿಗೂ ಆಡುನುಡಿಗೂ ಬಹಳ ಅಂತರವಿದ್ದುದರಿಂದ, ಹುಡುಗರು ನೂರಾರು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುವರೇ ಹೊರತು ಅರ್ಥವರಿಯರು ಎಂದು ಕ್ಯಾಂಪ್‌ಬೆಲ್ ಆಕ್ಷೇಪಿಸಿದ್ದಾರೆ. ಈ ಮಾತು ನಮಗೂ ತಾಗುತ್ತದೆ. ಪಾಠವನ್ನು ತಡೆಯಿಲ್ಲದೆ ಓದಿ, 'ಇದರ ಅರ್ಥವೇನು?' ಎಂದರೆ ಬೆಪ್ಪಾಗುವ ಮಕ್ಕಳು ಇಂದಿಗೂ ನಮ್ಮೆದುರಿಗಿದ್ದಾರೆ. ಕಣ್ಣೂ ನಾಲಗೆಯೂ ಓದಿದ್ದನ್ನು ಮನೆಮಾತಿನಲ್ಲಿ ಒಮ್ಮೆ ಹೇಳಿಸಿ ನೋಡಿದರೆ ಅರ್ಥವಾದುದೆಷ್ಟೆಂದು ತಿಳಿಯುತ್ತದೆ.

ಶಾಲೆಗಳು ಕುಗ್ಗಿದುದೇಕೆಂಬುದಕ್ಕೂ ಆ ಕಲೆಕ್ಟರರೇ ಉತ್ತರ ಕೊಟ್ಟಿದ್ದಾರೆ. ವಿಲಾಯತಿ ಬಟ್ಟೆ ಬಂದು ನೇಕಾರರ ಮಗ್ಗ ನಿಂತಿತು, ದೇಶದ ಹಣ ಹೊರಗೆ ಹರಿಯಿತು, ನಾಡು ಬಡವಾಯಿತು, ಮೊದಲು ಶಾಲೆಗಳಿದ್ದ ಎಷ್ಟೋ ಗ್ರಾಮಗಳಲ್ಲಿ ಈಗ ಇಲ್ಲ, ಎಂದು. ಕಂಪೆನಿಯ ಅಧಿಕಾರಿಯೇ ಬರೆದ ಮಾತಿದು. ಧರ್ಮಪಾಲರು ೧೯೮೩ರಲ್ಲಿ ಈ ವರದಿಗಳನ್ನು ಗ್ರಂಥರೂಪದಲ್ಲಿ ಹೊರತಂದರು.

೧೯೫೩ನೆಯ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಆಚೆಗುಳಿದುವು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ವಿಧಿಸಿದೆ. ಆ ಹಕ್ಕನ್ನು ನಾವು ಬಿಡಲಾಗದು. ಆದರೆ ನಮ್ಮ ಮಾತೃಭಾಷೆಗೆ ಮನ್ನಣೆ ಬೇಡುವ ನಾವೇ, ನಮ್ಮ ತರಗತಿಯ ಇನ್ನೊಂದು ಮಗುವಿನ ಮಾತೃಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ನ್ಯಾಯವಾದೀತೆ?

ಈಗ ಆ 'ಪುಲಿ'ಯ ಮಾತಿಗೆ ಬರೋಣ. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು. ತೆಲುಗಿನಲ್ಲಿ ಪಕಾರ ಹಾಗೆಯೇ ನಿಂತಿತು. ನಮ್ಮ ಹಾಲು, ಹಾಡು, ಹುಲಿಗಳು ತೆಲುಗಿನಲ್ಲಿ ಪಾಲು, ಪಾಟ, ಪುಲಿ. ಪಂಪನ ಕಾಲದ ಕನ್ನಡದಲ್ಲಿಯೂ ಪಾಲ್, ಪಾಡು, ಪುಲಿಗಳೇ. ಹಾಗೆಯೇ ನಮ್ಮ ಕಿವಿ ಅವರ ಚೆವಿ, ನಮ್ಮ ಕೆರೆ ಅವರ ಚೆರುವು. ಲಿಪಿಗಳೆರಡೂ ಒಂದೇ ತಾಯಬೇರಿನವು. ತಲೆಕಟ್ಟಿನ ಭೇದವನ್ನೂ ಕೆಲವು ಅಕ್ಷರಗಳ ರೂಪಭೇದವನ್ನೂ ತೋರಿಸಿಕೊಟ್ಟರೆ ಒಂದನ್ನು ಬಲ್ಲ ಹುಡುಗನಿಗೆ ಇನ್ನೊಂದು ಕೆಲವೇ ವಾರಗಳ ಕೆಲಸ. ಇಂಥ ಜೋಡಿಗಳನ್ನು ಕಪ್ಪುಹಲಗೆಯ ಮೇಲೆ ಎದುರುಬದುರಾಗಿ ಬರೆದು, ಮಕ್ಕಳಿಂದಲೇ ಇನ್ನಷ್ಟನ್ನು ಹುಡುಕಿಸಿದರೆ, ಮನೆಮಾತು ಕನ್ನಡಕ್ಕೆ ಅಡ್ಡಿಯಾಗದೆ ಮೆಟ್ಟಿಲಾಗುತ್ತದೆ. ಹತ್ತನೆಯ ತರಗತಿಯಲ್ಲಿ ಹಳಗನ್ನಡ ಪದ್ಯ ಎದುರಾದಾಗ ಆ ಮಗು ಉಳಿದವರಿಗಿಂತ ಒಂದು ಹೆಜ್ಜೆ ಮುಂದಿರುತ್ತದೆ.

ಹಾಗಾದರೆ ನಾವು ಅಂದು ತಪ್ಪೆಂದು ತಿದ್ದಿದ್ದು ಪರಭಾಷೆಯನ್ನಲ್ಲ, ನಮ್ಮದೇ ಹಳೆಯ ನುಡಿಯನ್ನು. ಮುಂದೊಂದು ದಿನ ಮತ್ತೊಂದು ಮಗು 'ಪುಲಿ' ಎಂದಾಗ, 'ಸರಿ ಮಗು. ನಮ್ಮ ಹಳೆಯ ಕವಿಗಳೂ ಹಾಗೆಯೇ ಅಂದಿದ್ದಾರೆ. ಈಗ ಹುಲಿ ಎನ್ನುತ್ತೇವೆ' ಎಂದು ಹೇಳುವಷ್ಟು ನಾವು ಕಲಿತಿದ್ದರೆ ಸಾಕು. ಮರಳಿನ ಮೇಲೆ ಕೈಹಿಡಿದು ಬರೆಯಿಸಿದ ಆ ಹೆಸರಿಲ್ಲದ ಗುರುಗಳ ಋಣ ಸ್ವಲ್ಪವಾದರೂ ತೀರಿದಂತಾದೀತು.