ಕೊಳಕುಮಂಡಲದ ವಿಷವೂ ರಕ್ತದ ಹೆಪ್ಪೂ

ಕಲಬುರಗಿಯ ತೊಗರಿಯ ಹೊಲಗಳಿಂದ ಕಾವೇರಿ ಬಯಲಿನ ಗದ್ದೆಗಳವರೆಗೆ ಒಕ್ಕಲುಮಕ್ಕಳು ಅಂಜಿ ನಡೆಯುವ ಹಾವುಗಳಲ್ಲಿ ಕೊಳಕುಮಂಡಲವು ಒಂದು. ಇದರ ವಿಷವೇರಿದವನ ರಕ್ತವು ಅನೇಕ ವೇಳೆ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುವುದು. ವೈದ್ಯರು ಆ ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗದಂತೆ ಇಟ್ಟು ನೋಡುವುದು ಇದಕ್ಕಾಗಿಯೇ. ವಿಚಿತ್ರವೇನೆಂದರೆ, ಈ ವಿಷವು ಸ್ವಭಾವತಃ ಹೆಪ್ಪನ್ನು ತಡೆಯತಕ್ಕದ್ದಲ್ಲ, ಹೆಪ್ಪುಗಟ್ಟಿಸತಕ್ಕದ್ದು. ಹೆಪ್ಪಿಗೆ ಬೇಕಾದ ಸಾಮಗ್ರಿಯೆಲ್ಲವೂ ಅಕಾಲದಲ್ಲಿ ವೆಚ್ಚವಾಗಿಹೋಗುವುದರಿಂದ ರಕ್ತವು ನೀರಾಗಿಯೇ ಉಳಿಯುವುದು.

ಈ ಗುಣವನ್ನು ಔಷಧಕ್ಕೆ ತಿರುಗಿಸಿದವರು ಇಂಗ್ಲೆಂಡಿನ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್. ಇದೇ ವಿಷವನ್ನು ಬಹು ತೆಳುವಾಗಿ ಬೆರಸಿ ಹಚ್ಚಿದರೆ, ಹುಟ್ಟಿನಿಂದ ರಕ್ತಸ್ರಾವರೋಗವುಳ್ಳವರ ಗಾಯಗಳು ಕಟ್ಟುವುವೆಂದು 1934ರಲ್ಲಿ ಅವರು ತೋರಿಸಿದರು. ರಕ್ತದ ಪ್ರೋಟೀನುಗಳು ಒಂದನ್ನೊಂದು ಎಚ್ಚರಿಸುತ್ತ ಹೆಪ್ಪನ್ನು ಉಂಟುಮಾಡುವ ಪರಂಪರೆಯನ್ನು 1964ರಲ್ಲಿ ಅದೇ ಮ್ಯಾಕ್‌ಫಾರ್ಲೇನರೂ, ಅಮೆರಿಕದಲ್ಲಿ ಡೇವಿ ಮತ್ತು ರಾಟ್ನಾಫ್ ಎಂಬವರೂ ಬೇರೆಬೇರೆಯಾಗಿ ನಿರೂಪಿಸಿದರು. ಕೊಳಕುಮಂಡಲದ ವಿಷವು ಮುಖ್ಯವಾಗಿ ಕೈಯಿಡುವುದು ಈ ಪರಂಪರೆಯ ಹತ್ತನೆಯ ಘಟಕದ ಮೇಲೆ.

ಅದು ಹೇಗೆಂಬುದು ಬಹುಕಾಲ ಮರೆಯಾಗಿದ್ದಿತು. 2007ರಲ್ಲಿ ಜಪಾನಿನ ತಕೇಡ ಮೊದಲಾದವರು ವಿಷದಲ್ಲಿನ ಆ ಪ್ರೋಟೀನಿನ ಸ್ಫಟಿಕವನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿ, ಅದರ ಆಕೃತಿಯು ಕೊಕ್ಕೆಯುಳ್ಳ ಸ್ಪ್ಯಾನರನ್ನು ಹೋಲುವುದೆಂದು ಕಂಡರು. ಕತ್ತರಿಸುವ ತಾಣಕ್ಕೂ, ಹಿಡಿದುಕೊಳ್ಳುವುದೆಂದು ಊಹಿಸಿದ ತಾಣಕ್ಕೂ ನಡುವೆ 6.5 ನ್ಯಾನೊಮೀಟರು ಅಂತರ. ಇದನ್ನೇ ಅಳತೆಗೋಲಾಗಿಟ್ಟುಕೊಂಡು ಹತ್ತನೆಯ ಘಟಕವು ಅಲ್ಲಿ ಕೂಡಿಕೊಳ್ಳಬಹುದಾದ ಬಗೆಯ ಪ್ರತಿರೂಪವನ್ನು ಸೂಚಿಸಿದರು. ಕೂಡಿದ ರೂಪವನ್ನು ಅವರು ಕಂಡುದಲ್ಲ. ಶಿಥಿಲವಾದ ಓಲೆಯಲ್ಲಿ ಲುಪ್ತವಾದ ಅಕ್ಷರಗಳನ್ನು ಛಂದಸ್ಸಿನ ಬಲದಿಂದ ಸಂಪಾದಕನು ತುಂಬುವಂತೆ ಇದೂ ಒಂದು ಊಹಾಪಾಠ.

ಗಣಕಯಂತ್ರದಲ್ಲಿ ರಚಿಸುವ ಇಂತಹ ಪ್ರತಿರೂಪಗಳಿಗೆ ಛಂದಸ್ಸಿನ ಸ್ಥಾನದಲ್ಲಿರುವುದು, 1963ರಲ್ಲಿ ಮದರಾಸಿನಿಂದ ಜಿ. ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಇವರು ಪ್ರಕಟಿಸಿದ ನಕ್ಷೆ. ಪ್ರೋಟೀನು ಸರಪಳಿಯ ಒಂದೊಂದು ಕೊಂಡಿಯೂ ಯಾವ ಎರಡು ಕೋನಗಳಲ್ಲಿ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ತಗುಲವೆಂಬುದನ್ನು ಅದು ಗೊತ್ತುಮಾಡುತ್ತದೆ. ಸಿ. ವಿ. ರಾಮನ್ನರ ಶಿಷ್ಯರಾಗಿ ತಾವು ಓದಿದ ಬೆಂಗಳೂರಿನ ವಿಜ್ಞಾನಮಂದಿರದಲ್ಲಿಯೇ ರಾಮಚಂದ್ರನ್ನರು 1971ರಲ್ಲಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು. ನಕ್ಷೆಗೆ ವಿರೋಧವಾದ ಪ್ರತಿರೂಪವು ಸಂದೇಹಾಸ್ಪದವೇ ಸರಿ. ಆದರೆ ವಿರೋಧವಿಲ್ಲದ ಮಾತ್ರಕ್ಕೆ ಎರಡು ಪ್ರೋಟೀನುಗಳು ಹಾಗೆಯೇ ಕೂಡುವುವೆಂದು ಸಿದ್ಧವಾಗದು. ಗಣಗಳು ಸರಿಹೊಂದಿದ ಮಾತ್ರಕ್ಕೆ ಪಾಠವು ಕವಿಯದೇ ಎನ್ನಬಹುದೇ?

ಎಚ್ಚತ್ತ ಹತ್ತನೆಯ ಘಟಕವು ಐದನೆಯದರೊಡನೆ ಕೂಡುವ ಬಗೆಯನ್ನು ಕುರಿತೂ ಗಣಕದ ಊಹೆಗಳು ಹುಟ್ಟಿದ್ದುವು. ಆಸ್ಟ್ರೇಲಿಯದ ಕಂದುಹಾವೊಂದರ ವಿಷದಲ್ಲಿರುವ ತತ್ಸಮಾನವಾದ ಕೂಟದ ಸ್ಫಟಿಕರೂಪವು 2013ರಲ್ಲಿಯೂ, ಅತಿಶೀತದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡ ಮಾನವ ಕೂಟದ ರೂಪವು 2022ರಲ್ಲಿಯೂ ಪ್ರಕಟವಾಗಿ, ಆ ಊಹೆಗಳನ್ನು ಒರೆಗಿಟ್ಟು ನೋಡಲು ಮೂಲಪ್ರತಿಗಳು ದೊರೆತಂತಾಯಿತು.