ಅಹಮದಾಬಾದಿಗೆ ನಲ್ಲಿ ನೀರು ತಂದ ರಣಛೋಡಲಾಲ್ ಛೋಟಾಲಾಲ್

ರಣಛೋಡಲಾಲ್ ಛೋಟಾಲಾಲ್ (1823–1898) ಅಹಮದಾಬಾದಿನಲ್ಲಿ ಮೊದಲ ಬಟ್ಟೆ ಮಿಲ್ಲು ಕಟ್ಟಿದವರು. ಅಲ್ಲಿನ ಮುನಿಸಿಪಾಲಿಟಿಗೆ ಸರ್ಕಾರಿ ಅಧಿಕಾರಿಯಲ್ಲದ ಮೊದಲ ಅಧ್ಯಕ್ಷರೂ ಅವರೇ. ಜನ್ಮದಿಂದ ನಾಗರ ಬ್ರಾಹ್ಮಣರು, ಜೈನರಲ್ಲ. ಆದರೆ ಅವರು ನೀರು, ಚರಂಡಿ ಕೊಟ್ಟ ಊರು ದೇಶದ ದೊಡ್ಡ ಜೈನ ನಗರಗಳಲ್ಲಿ ಒಂದು. ಹೀಗಾಗಿ ನಮ್ಮ ಸಮಾಜದ ಓದುಗರು ಅವರ ಕೆಲಸವನ್ನು ತಿಳಿದಿರಬೇಕು.

ಮುನಿಸಿಪಾಲಿಟಿ ಬರುವ ಮೊದಲು ಅಹಮದಾಬಾದಿನಲ್ಲಿ ಊರ ಹಿತ ನೋಡಿಕೊಳ್ಳುತ್ತಿದ್ದವರು ಮಹಾಜನರು, ಅಂದರೆ ವರ್ತಕ ಸಂಘಗಳು. ಅವರೆಲ್ಲರಿಗೆ ಹಿರಿಯರಾಗಿ ನಗರಶೇಠರು. ಶಾಂತಿದಾಸ್ ಝವೇರಿಯವರ ಜೈನ ಮನೆತನಕ್ಕೆ ಈ ಸ್ಥಾನ ತಲೆಮಾರುಗಳ ಕಾಲ ನಡೆದುಬಂತು. 1725ರಲ್ಲಿ ಮರಾಠಾ ಸೈನ್ಯ ಊರನ್ನು ಸುಲಿಯಲು ಸಿದ್ಧವಾದಾಗ ನಗರಶೇಠ ಖುಶಾಲಚಂದ್ ತಮ್ಮ ಗಂಟಿನಿಂದ ಹಣ ಕೊಟ್ಟು ಊರನ್ನು ಬಿಡಿಸಿದರು. ಅದಕ್ಕೆ ಪ್ರತಿಯಾಗಿ ವರ್ತಕರು ನೂರು ರೂಪಾಯಿ ಸರಕಿಗೆ ನಾಲ್ಕು ಆಣೆಯಂತೆ ಅವರ ಮನೆತನಕ್ಕೆ ಕೊಡಲು ಒಪ್ಪಿದರು. 1831ರಲ್ಲಿ ಕುಸಿಯುತ್ತಿದ್ದ ಕೋಟೆಗೋಡೆ ರಿಪೇರಿಗೆ ತುಪ್ಪ ಮುಂತಾದ ಸರಕಿನ ಮೇಲೆ ಸಣ್ಣ ತೆರಿಗೆ ಹಾಕಿ ಸಮಿತಿ ಮಾಡಿಕೊಂಡರು. ಶೇಠ್ ಹಠೀಸಿಂಗ್ ಮತ್ತು ನಗರಶೇಠ್ ಪ್ರೇಮಾಭಾಯಿ ಮನೆತನಗಳ ದಾನದಿಂದ ಆಸ್ಪತ್ರೆಯೂ ಬಂತು. ಹಣ ಕೊಡುವ ಗುಣ ಊರಿಗೆ ಹೊಸದೇನಲ್ಲ. ಆದರೆ ದಾನದಿಂದ ಆಸ್ಪತ್ರೆ ಕಟ್ಟಬಹುದು, ಊರೆಲ್ಲಕ್ಕೂ ಚರಂಡಿ ಹಾಕಲಾಗುವುದಿಲ್ಲ. ಅದಕ್ಕೆ ಎಲ್ಲರಿಂದಲೂ ತೆರಿಗೆ ಎತ್ತಬೇಕು, ಮನೆಮನೆಯ ಅಂಗಳ ಅಗೆಯಬೇಕು.

ಕೋಟೆಯೊಳಗಿನ ಊರು ಪೋಳುಗಳ ಊರು. ಪೋಳು ಎಂದರೆ ಒಂದೇ ಹೆಬ್ಬಾಗಿಲಿನ, ಒಂದೇ ಜಾತಿ ಅಥವಾ ಕಸುಬಿನವರು ಒತ್ತೊತ್ತಾಗಿ ಮನೆ ಕಟ್ಟಿಕೊಂಡ ಓಣಿ. ಅಂಗಳದಡಿ ಮಳೆನೀರಿನ ಟಾಂಕಾ ಇದ್ದ ಮನೆಯವರು ಪುಣ್ಯವಂತರು. ಉಳಿದವರಿಗೆ ಬಾವಿಯೇ ಗತಿ. ಅದೇ ಮನೆಯಡಿ ಅಥವಾ ಪಕ್ಕದಲ್ಲಿ ‘ಖಾಳಕುವಾ’ ಎಂಬ ಮಲಗುಂಡಿ ಇರುತ್ತಿತ್ತು. ಗುಂಡಿಯ ಹೊಲಸು ಮಣ್ಣಿನೊಳಗೆ ಇಳಿದು ಬಾವಿ ಸೇರುತ್ತಿತ್ತು. ಕಾಲರಾ, ಜ್ವರಗಳು ವರ್ಷ ವರ್ಷವೂ ಬರುತ್ತಿದ್ದುದು ಇದೇ ಕಾರಣಕ್ಕೆ.

ಕಾಲರಾ ರಣಛೋಡಲಾಲರನ್ನೂ ಸುಡದೆ ಬಿಡಲಿಲ್ಲ. ಸರ್ಕಾರಿ ನೌಕರಿಯಲ್ಲಿದ್ದ ಅವರು ಲಂಚದ ಆಪಾದನೆಯಿಂದ 1850ರ ದಶಕದಲ್ಲಿ ಕೆಲಸ ಕಳೆದುಕೊಂಡರು. ಆಮೇಲೆ ಮಿಲ್ಲಿನ ಯೋಚನೆಗೆ ಇಳಿದರು. ತರಿಸಿದ ಮೊದಲ ಯಂತ್ರಗಳು ಸಮುದ್ರದಲ್ಲೇ ನಷ್ಟವಾದವು. ಇಂಗ್ಲೆಂಡಿನಿಂದ ಬಂದ ಇಂಜಿನಿಯರ್ ಕಾಲರಾದಿಂದ ತೀರಿಕೊಂಡರು. ಊರಿಗೆ ರೈಲು ಇನ್ನೂ ಬಂದಿರಲಿಲ್ಲ, ಯಂತ್ರಗಳನ್ನು ಖಂಭಾತ್ ಬಂದರಿನಿಂದ ಎತ್ತಿನ ಗಾಡಿಯಲ್ಲಿ ಎಳೆಸಿದರು. 1861ರ ಮೇ ತಿಂಗಳಲ್ಲಿ ಮಿಲ್ಲು ಶುರುವಾಯಿತು. ಇಷ್ಟು ಪೆಟ್ಟು ತಿಂದ ಮನುಷ್ಯ ಊರವರ ವಿರೋಧಕ್ಕೆ ಹೆದರುವವರೇ?

1882ರಲ್ಲಿ ಲಾರ್ಡ್ ರಿಪನ್ ಸ್ಥಳೀಯ ಆಡಳಿತದಲ್ಲಿ ಭಾರತೀಯರಿಗೆ ಹೆಚ್ಚಿನ ಪಾಲು ಕೊಡುವ ನಿರ್ಣಯ ಮಾಡಿದರು. 1885ರಲ್ಲಿ ರಣಛೋಡಲಾಲರು ಅಹಮದಾಬಾದ್ ಮುನಿಸಿಪಾಲಿಟಿಯ ಅಧ್ಯಕ್ಷರಾದರು. ಅವರು ಹಿಡಿದ ಕೆಲಸ ಎರಡು: ನಲ್ಲಿ ನೀರು ಮತ್ತು ನೆಲದೊಳಗಿನ ಒಳಚರಂಡಿ.

ಊರು ಎದುರು ನಿಂತಿತು. ತೆರಿಗೆ ಹೆಚ್ಚುತ್ತದೆ ಎಂಬುದು ಮೊದಲ ತಕರಾರು. ಬಾವಿ ಮನೆಯಲ್ಲೇ ಇರುವಾಗ ನೀರಿಗೆ ದುಡ್ಡೇಕೆ ಎಂಬುದು ಎರಡನೆಯದು. ಮೂರನೆಯದು ಆಚಾರದ್ದು: ಎಲ್ಲಿಂದಲೋ ಕೊಳವೆಯಲ್ಲಿ ಬಂದ, ಯಾರು ಮುಟ್ಟಿದರೋ ತಿಳಿಯದ ನೀರನ್ನು ಅಡುಗೆಮನೆಗೆ ತರುವುದು ಹೇಗೆ? ಈ ತಕರಾರನ್ನು ಬರೀ ಮೂಢತನ ಎಂದು ತಳ್ಳಿಹಾಕುವವರಿಗೆ ಶ್ರಾವಕರ ಮನೆಯ ಕ್ರಮ ಗೊತ್ತಿಲ್ಲ. ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸುವುದಷ್ಟೇ ನಮ್ಮ ನಿಯಮವಲ್ಲ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಸೇದಿದ ಬಾವಿಗೇ ಜೋಪಾನವಾಗಿ ಹಿಂತಿರುಗಿಸಬೇಕು. ನಲ್ಲಿ ನೀರಿಗೆ ಬಾವಿ ಎಲ್ಲಿದೆ? ನಿಯಮ ಪಾಲಿಸುವ ಮನೆಗೆ ಇದು ನಿಜವಾದ ತೊಡಕು. ಆದರೆ ಆ ಬಾವಿಯ ನೀರೇ ಮಕ್ಕಳನ್ನು ಕೊಲ್ಲುತ್ತಿತ್ತು ಎಂಬುದೂ ಅಷ್ಟೇ ನಿಜ. ಮಲಗುಂಡಿಯಿಂದ ಇಳಿದ ವಿಷ ಯಾವ ಬಟ್ಟೆಯಲ್ಲೂ ನಿಲ್ಲುವುದಿಲ್ಲ.

ರಣಛೋಡಲಾಲರು ಹಿಂದೆ ಸರಿಯಲಿಲ್ಲ. ದೂಧೇಶ್ವರದ ಬಳಿ ಸಾಬರ್ಮತಿ ಪಾತ್ರದಲ್ಲಿ ಬಾವಿಗಳನ್ನು ತೋಡಿ, ಮರಳಿನಲ್ಲಿ ಸೋಸಿ ಬಂದ ನೀರನ್ನು ಪಂಪಿನಿಂದ ಎತ್ತಿ ಊರಿಗೆ ಹರಿಸಿದರು. 1891ರಲ್ಲಿ ನಲ್ಲಿ ನೀರು ಬಂತು. ಒಳಚರಂಡಿ ಕೆಲಸವೂ ಅದೇ ಹೊತ್ತಿಗೆ ಆರಂಭವಾಯಿತು. ಆ ಕಾಲದಲ್ಲಿ ದೇಶದ ಕೆಲವೇ ಊರುಗಳಲ್ಲಿ ಇಂಥ ಸೌಕರ್ಯ ಇತ್ತು. ಭಾರತದ ನೈರ್ಮಲ್ಯದ ಬಗ್ಗೆ ದೂರದಿಂದಲೇ ಚಿಂತಿಸುತ್ತಿದ್ದ ಫ್ಲಾರೆನ್ಸ್ ನೈಟಿಂಗೇಲ್ ಅವರೂ ಈ ಕೆಲಸವನ್ನು ಮೆಚ್ಚಿಕೊಂಡರು.

ಅವರ ಕೆಲಸ ಪೂರ್ಣವಾಗಿತ್ತು ಎನ್ನುವಂತಿಲ್ಲ. ಚರಂಡಿ ಊರಿನ ಎಲ್ಲ ಭಾಗಕ್ಕೂ ಅವರ ಕಾಲದಲ್ಲಿ ತಲುಪಲಿಲ್ಲ. ಅವರದೇ ಮಿಲ್ಲುಗಳಿಗೆ ದುಡಿಯಲು ಬಂದ ಕೂಲಿಕಾರರು ಕೋಟೆಯ ಹೊರಗೆ ಸಾಲುಮನೆಗಳಲ್ಲಿ ತುಂಬಿಕೊಂಡರು, ಅಲ್ಲಿನ ನೀರು, ಕಕ್ಕಸಿನ ಸ್ಥಿತಿ ಬಹುಕಾಲ ಕೆಟ್ಟದಾಗಿಯೇ ಇತ್ತು. ಊರೊಳಗಿನವರಿಗೆ ತೋರಿಸಿದ ಹಟವನ್ನು ಅವರು ಅಲ್ಲಿಗೂ ತೋರಿಸಬಹುದಿತ್ತು. 1924ರಿಂದ 1928ರವರೆಗೆ ಅದೇ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದ ವಲ್ಲಭಭಾಯಿ ಪಟೇಲರು ಬಂದಾಗಲೂ ನೀರು, ಚರಂಡಿಯನ್ನು ವಿಸ್ತರಿಸುವ ಕೆಲಸ ಬಾಕಿ ಇತ್ತು.

ರಣಛೋಡಲಾಲರು 1898ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಮೊಮ್ಮಗ ಚಿನುಭಾಯಿ ಮಾಧವಲಾಲ್ ಮಿಲ್ಲನ್ನೂ ದಾನದ ಕೆಲಸವನ್ನೂ ಮುಂದುವರಿಸಿ, 1913ರಲ್ಲಿ ಬ್ಯಾರೊನೆಟ್ ಪದವಿ ಪಡೆದರು. 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಅಹಮದಾಬಾದಿನಲ್ಲಿ ಇಂದಿಗೂ ಕೆಲವು ಪೋಳುಗಳ ಮನೆಗಳಲ್ಲಿ ಅಂಗಳದಡಿಯ ಟಾಂಕಾ ಉಳಿದಿದೆ, ಅದರ ಪಕ್ಕದಲ್ಲೇ ಮುನಿಸಿಪಾಲಿಟಿಯ ನಲ್ಲಿಯೂ ಇದೆ.