ಲಾಂಛನವೂ ಧ್ವಜವೂ: ಅಮೃತಾಪುರದ ಶಿಲ್ಪದಿಂದ ನಾಡಧ್ವಜದವರೆಗೆ

ತರೀಕೆರೆಗೆ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯವು ಕ್ರಿ. ಶ. 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಆಳ್ವಿಕೆಯಲ್ಲಿ, ಅವನ ದಂಡನಾಯಕನಿಂದ ನಿರ್ಮಿತವಾದುದು. ಅಲ್ಲಿಯ ಶಾಸನವು ಜನ್ನಕವಿಯ ರಚನೆಯಾದುದರಿಂದ ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತವೇ ಆಗಿದೆ, ಬಿ. ಎಲ್. ರೈಸರು 1901ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಸಂಪುಟದಲ್ಲಿ ಅದು ಸೇರಿದೆ. ಆ ಗುಡಿಯ ಶುಕನಾಸಿಯ ಮೇಲೆ ನಿಂತಿರುವ, ಮೃಗದೊಡನೆ ಹೋರುವ ವೀರನ ಶಿಲ್ಪವು ಹೊಯ್ಸಳರ ಲಾಂಛನ. ಇದನ್ನು ಕಂಡವರು ಹೊಯ್ಸಳರ ಬಾವುಟವೆಂದೇ ಭಾವಿಸುವುದುಂಟು. ಆದರೆ ಲಾಂಛನವೂ ಧ್ವಜವೂ ಒಂದೇ ಅಲ್ಲವೆಂಬುದನ್ನು ನಮ್ಮ ಶಾಸನಗಳೇ ತಿಳಿಸುತ್ತವೆ.

ಬನವಾಸಿಯ ಪರಂಪರೆಯ ಕದಂಬರು ಸಿಂಹಲಾಂಛನರು, ವಾನರಧ್ವಜರು. ಗಂಗರು ಮದಗಜೇಂದ್ರಲಾಂಛನರು, ಪಿಂಛಧ್ವಜರು. ಲಾಂಛನವು ತಾಮ್ರಪಟದ ಮುದ್ರೆಯಲ್ಲಿ ಒಡೆತನವನ್ನು ಸಾರುವ ಗುರುತು. ಧ್ವಜವು ದೂರದಿಂದ ಕಾಣುವ ಬಿರುದು. ಇದರಲ್ಲಿ ಪಾಳಿಧ್ವಜದ ವೃತ್ತಾಂತವು ವಿಶೇಷ ಗಮನಾರ್ಹ. ಬಾದಾಮಿಯ ಚಳುಕ್ಯರು ಉತ್ತರಾಪಥದ ಅರಸನನ್ನು ಗೆದ್ದು ಇದನ್ನು ಪಡೆದರೆಂದು ಅವರ ಶಾಸನಗಳು ಹೇಳುತ್ತವೆ. ಪಾಳಿಯೆಂದರೆ ಸಾಲು. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಹತ್ತು ಬಗೆಯ ಧ್ವಜಗಳು, ಒಂದೊಂದು ಬಗೆಗೆ 108ರಂತೆ, ಸಾಲಾಗಿ ವರ್ಣಿತವಾಗಿವೆ. ಚಳುಕ್ಯರು ವರಾಹಲಾಂಛನರು, ಅವರ ತರುವಾಯ ಬಂದ ರಾಷ್ಟ್ರಕೂಟರು ಗರುಡಲಾಂಛನರು, ಮರಳಿ ಕಲ್ಯಾಣದ ಚಾಲುಕ್ಯರು ವರಾಹಲಾಂಛನರು. ಮೂರು ಮನೆತನಗಳೂ ಪಾಳಿಧ್ವಜವನ್ನು ಮಾತ್ರ ಬಿಡಲಿಲ್ಲ. ಲಾಂಛನವು ಕುಲದೊಡನೆ ಬದಲಾಯಿತು, ಧ್ವಜವು ಕುಲವನ್ನು ದಾಟಿ ಉಳಿಯಿತು.

ಹಾಗೆ ಕುಲಗಳನ್ನು ದಾಟಿದ ಲಾಂಛನವೂ ಒಂದುಂಟು, ಅದು ಗಂಡಭೇರುಂಡ. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಕಂಬದ ಮೇಲೆ ಅದನ್ನು ಕಾಣುತ್ತೇವೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಕಾಣುತ್ತೇವೆ. ಮೈಸೂರು ಒಡೆಯರ ರಾಜಚಿಹ್ನೆಯಾಗಿಯೂ ಕಾಣುತ್ತೇವೆ.

ಈ ವಿವೇಚನೆಯು ಕೇವಲ ಪ್ರಾಚೀನ ವಿಷಯವಲ್ಲ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಹಳದಿ ಕೆಂಪು ಬಾವುಟದಲ್ಲಿ ಯಾವ ಲಾಂಛನವೂ ಇಲ್ಲ. 2018ರ ಮಾರ್ಚ್ 8ರಂದು ರಾಜ್ಯಸರ್ಕಾರವು ಒಪ್ಪಿದ ನಾಡಧ್ವಜದ ವಿನ್ಯಾಸದಲ್ಲಿ ಹಳದಿ ಕೆಂಪುಗಳ ನಡುವೆ ಬಿಳಿಯ ಪಟ್ಟಿ ಬಂದು, ಅದರಲ್ಲಿ ಗಂಡಭೇರುಂಡವುಳ್ಳ ರಾಜ್ಯಲಾಂಛನವು ನೆಲೆಗೊಂಡಿತು. ಮೊದಲನೆಯದು ಜನರು ತಾವಾಗಿ ಹಿಡಿದ ಧ್ವಜ. ಎರಡನೆಯದು ಸರ್ಕಾರದ ಮುದ್ರೆಯನ್ನು ಹೊತ್ತ ಧ್ವಜ. ಇವೆರಡರಲ್ಲಿ ಯಾವುದು ನಾಡಿನದು ಎಂದು ವಾದಿಸುವವರು ಮೊದಲು ಈ ಭೇದವನ್ನು ಮನಗಾಣಬೇಕು. ಹಾಗೆಂದು ಲಾಂಛನವನ್ನು ಧರಿಸಿದ ಮಾತ್ರಕ್ಕೆ ಹೊಸ ವಿನ್ಯಾಸವು ಅಯುಕ್ತವೆನ್ನಲಾಗದು. ಒಂದೇ ಕುಲಕ್ಕೆ ಸೇರದ ಚಿಹ್ನೆಯನ್ನು ಆರಿಸಿದುದು ಇತಿಹಾಸಕ್ಕೆ ಒಪ್ಪುವ ಮಾತೇ ಆಗಿದೆ. ಅಮೃತಾಪುರದ ವೀರನಾದರೋ ಹೊಯ್ಸಳರವನಾಗಿಯೇ ಶಿಖರದ ಮೇಲೆ ನಿಂತಿದ್ದಾನೆ; ಅವನ ಹಿರಿಮೆಗೆ ಅಷ್ಟೇ ಸಾಕು.